ಬಿರಿದ ಹೃದಯಭಿತ್ತಿ ಮತ್ತು ಕಾಯುವ ಯಂತ್ರ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ 1864ರಲ್ಲಿ ತೆರೆದ ರೈಲುದಾರಿಯಲ್ಲಿ, ಮಾಲೂರು ಕಳೆದು ಬಂಗಾರಪೇಟೆ ಬರುವುದಕ್ಕೆ ಮುನ್ನ, ಬಂಡೆಯ ಮೇಲೆ ಬಂಡೆ ಕುಳಿತ ಗುಡ್ಡಗಳ ಮಗ್ಗುಲಿನಲ್ಲಿ ಟೇಕಲ್ ಇದೆ. ವರದರಾಜಸ್ವಾಮಿಯ ಹಳೆಯ ದೇವಾಲಯದಿಂದಲೂ, ಸುತ್ತಣ ಕಲ್ಲುಗಣಿಗಳಲ್ಲಿ ಕಂಬ ಚಪ್ಪಡಿಗಳನ್ನು ಸೀಳುತ್ತ ಬಂದ ಕಲ್ಲುಕುಟಿಗರ ಕೈಕಸುಬಿನಿಂದಲೂ ಹೆಸರಾದ ಈ ಹೋಬಳಿಯ ಜನರಿಗೆ ರಾಜಧಾನಿಯು ದೂರದ ಊರೇನೂ ಅಲ್ಲ. ಬೆಳಗಿನ ಗಾಡಿಯನ್ನು ಹತ್ತಿ ಕೆಲಸಕ್ಕೆ ಹೋಗಿ ಸಂಜೆಯ ಗಾಡಿಯಲ್ಲಿ ಮರಳುವವರು ಅಲ್ಲಿ ಬಹು ಮಂದಿ. ಆದರೆ ನಡುರಾತ್ರಿಯಲ್ಲಿ ಎದೆಯ ನಡುವೆ ಹಿಡಿದ ನೋವು ಎಡದೋಳಿಗೆ ಇಳಿದು, ಮೈಯೆಲ್ಲ ತಣ್ಣನೆಯ ಬೆವರಿನಿಂದ ತೊಯ್ದು, ಕುಳಿತರೂ ನಿಂತರೂ ಸಮಾಧಾನವಿಲ್ಲದೆ ಒದ್ದಾಡುವ ಮನುಷ್ಯನಿಗೆ ಅದೇ ದೂರವು ಮೈಲಿಗಳಲ್ಲಲ್ಲ, ಸಾಯುತ್ತಿರುವ ಹೃದಯಸ್ನಾಯುವಿನ ಪ್ರಮಾಣದಲ್ಲಿ ಅಳೆಯಲ್ಪಡುತ್ತದೆ. ಹೃದಯಾಘಾತದ ಚಿಕಿತ್ಸೆಯಲ್ಲಿ ಓಡಲೇಬೇಕಾದ ಹೊತ್ತೊಂದಿದೆ. ಕೆಲವು ದುರ್ದೈವದ ಪ್ರಸಂಗಗಳಲ್ಲಿ, ಮನಸ್ಸು ಎಷ್ಟೇ ತವಕಿಸಿದರೂ, ಕಾಯಲೇಬೇಕಾದ ಹೊತ್ತು ಇನ್ನೊಂದಿದೆ. ಮೊದಲನೆಯದನ್ನು ನಾವು ಕಳೆದುಕೊಳ್ಳುತ್ತೇವೆ, ಎರಡನೆಯದನ್ನು ತಪ್ಪಾಗಿ ತಿಳಿಯುತ್ತೇವೆ ಎಂಬುದೇ ನನ್ನ ವ್ಯಥೆ.

ಕಳೆದುಕೊಳ್ಳುವ ಬಗೆ ಎಲ್ಲರ ಮನೆಯಲ್ಲಿಯೂ ಒಂದೇ. "ಗ್ಯಾಸ್ಟ್ರಿಕ್ ಇರಬೇಕು" ಎಂದು ಯಾರೋ ಹೇಳುತ್ತಾರೆ. ಜೀರಿಗೆಯ ನೀರೋ ಸೋಡಾವೋ ಬರುತ್ತದೆ. ಬೆನ್ನು ತಿಕ್ಕುವವರು ತಿಕ್ಕುತ್ತಾರೆ. ಬೆಳಗಾಗಲಿ, ಮೊದಲ ಬಸ್ಸಿಗೆ ಹೋಗೋಣ ಎಂಬ ತೀರ್ಮಾನವಾಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಜೇವಿಯರ್, ಪ್ರೇಮ್ ಪೈಸ್ ಮೊದಲಾದವರು ದೇಶದ 89 ಆಸ್ಪತ್ರೆಗಳಿಂದ 20,468 ರೋಗಿಗಳ ವಿವರಗಳನ್ನು ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದ 'ಕ್ರಿಯೇಟ್' ಎಂಬ ಅಧ್ಯಯನವು ಈ ವಿಳಂಬಕ್ಕೆ ಅಂಕಿಯ ರೂಪವನ್ನು ಕೊಟ್ಟಿತು: ನೋವು ತೊಡಗಿದ ಮೇಲೆ ಆಸ್ಪತ್ರೆಯನ್ನು ಮುಟ್ಟಲು ಹಿಡಿದ ಕಾಲದ ಮಧ್ಯಾಂಕ 360 ನಿಮಿಷ. ಅಂದರೆ ಅರ್ಧದಷ್ಟು ಮಂದಿ ಆರು ಗಂಟೆಗಳನ್ನೂ ಮೀರಿ ಬಂದವರು. ಅದೇ ಅಧ್ಯಯನದಲ್ಲಿ 30 ದಿನಗಳೊಳಗೆ ಸತ್ತವರ ಪ್ರಮಾಣವು ಸಿರಿವಂತರಲ್ಲಿ ಶೇಕಡ 5.5, ಬಡವರಲ್ಲಿ ಶೇಕಡ 8.2, ಈ ಅಂತರಕ್ಕೆ ಬಡವರಿಗೆ ದೊರೆತ ಚಿಕಿತ್ಸೆಯೇ ಕಡಿಮೆಯಾಗಿದ್ದುದು ಮುಖ್ಯ ಕಾರಣವೆಂದು ಅವರು ಕಂಡರು. ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವು ಇತರ ದೇಶದವರಿಗಿಂತ ಐದಾರು ವರ್ಷ ಮುಂಚಿತವಾಗಿ, 53ರ ಆಸುಪಾಸಿನಲ್ಲಿಯೇ, ಬರುವುದೆಂಬ ಇನ್ನೊಂದು ಅಧ್ಯಯನದ ಫಲವನ್ನೂ ಇದಕ್ಕೆ ಸೇರಿಸಿ ನೋಡಿದರೆ, ದುಡಿಯುವ ವಯಸ್ಸಿನ, ಮಕ್ಕಳ ಓದು ಮದುವೆಗಳಿನ್ನೂ ಮುಗಿಯದ ಒಬ್ಬ ಮನುಷ್ಯನ ಚಿತ್ರ ಕಣ್ಣೆದುರಿಗೆ ನಿಲ್ಲುತ್ತದೆ.

ಈ ಕಳೆದುಹೋದ ಗಂಟೆಗಳಲ್ಲಿ ಹೃದಯದೊಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೃದಯಸ್ನಾಯುವಿಗೆ ರಕ್ತವನ್ನೊಯ್ಯುವ ಕಿರೀಟಧಮನಿಯೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ ಅದರ ಆಶ್ರಯದಲ್ಲಿದ್ದ ಸ್ನಾಯುಭಾಗವು ಗಂಟೆ ಗಂಟೆಗೂ ನಿರ್ಜೀವವಾಗುತ್ತ ಹೋಗುತ್ತದೆ. ಸತ್ತ ಸ್ನಾಯುವು ಒಡನೆಯೇ ಗಟ್ಟಿಯಾದ ಕಲೆಯಾಗಿ ಮಾರ್ಪಡುವುದಿಲ್ಲ. ರಕ್ತದ ಬಿಳಿಯ ಕಣಗಳು ಅದರೊಳಗೆ ನುಗ್ಗಿ ಅದನ್ನು ಕರಗಿಸಿ ತೆಗೆಯುವ ಕೆಲಸ ಮೊದಲು, ಹೊಸ ನಾರು ಹೆಣೆದು ತುಂಬುವ ಕೆಲಸ ಅನಂತರ. ಈ ಎರಡರ ನಡುವಣ ಸಂಧಿಕಾಲವೇ ಅಪಾಯದ ಕಾಲ. ಕೆಲವರಲ್ಲಿ ಮೊದಲ 24 ಗಂಟೆಗಳೊಳಗೆ, ಇನ್ನು ಕೆಲವರಲ್ಲಿ ಮೂರರಿಂದ ಐದನೆಯ ದಿವಸದ ಅವಧಿಯಲ್ಲಿ, ಮೆತ್ತಗಾದ ಆ ಭಿತ್ತಿಯು ಒಳಗಿನ ಒತ್ತಡವನ್ನು ತಾಳಲಾರದೆ ಬಿರಿಯುವುದುಂಟು. ಹೊರಗೋಡೆ ಬಿರಿದರೆ ರಕ್ತವು ಹೃದಯದ ಚೀಲದೊಳಗೆ ತುಂಬಿ ಹೃದಯವನ್ನೇ ಅದುಮಿಬಿಡುತ್ತದೆ. ದ್ವಿದಳ ಕವಾಟವನ್ನು ಹಿಡಿದಿರುವ ಒಳಗಿನ ಸಣ್ಣ ಸ್ನಾಯುಕಂಬ ಹರಿದರೆ ಕವಾಟ ಸಡಿಲಬಿದ್ದು ರಕ್ತವು ಶ್ವಾಸಕೋಶದ ಕಡೆಗೆ ಹಿಮ್ಮೆಟ್ಟುತ್ತದೆ. ಎಡಬಲ ಹೃತ್ಕುಕ್ಷಿಗಳ ನಡುವಣ ಅಡ್ಡಗೋಡೆ ಒಡೆದರೆ ಎಡಗಡೆಯ ರಕ್ತ ಬಲಗಡೆಗೆ ನುಗ್ಗುತ್ತದೆ. ಹೊರಗೋಡೆ ಬಿರಿದು ಸತ್ತ ಹೃದಯವನ್ನು ರಕ್ತಪರಿಚಲನೆಯ ನಿಯಮವನ್ನು ಕಂಡುಹಿಡಿದ ವಿಲಿಯಂ ಹಾರ್ವೆಯೇ 17ನೆಯ ಶತಮಾನದಲ್ಲಿ ವರ್ಣಿಸಿದ್ದನು. ಅಡ್ಡಗೋಡೆಯ ಒಡಕನ್ನು 19ನೆಯ ಶತಮಾನದ ನಡುವಿನಲ್ಲಿ ಲಂಡನ್ನಿನ ಲೇಥಮ್ ಶವಪರೀಕ್ಷೆಯಲ್ಲಿ ಕಂಡನು.

ಈ ಅಡ್ಡಗೋಡೆಯ ಒಡಕೇ ನನ್ನ ಮುಖ್ಯ ವಿಷಯ. ಎಡ ಹೃತ್ಕುಕ್ಷಿಯಲ್ಲಿ ಒತ್ತಡವು 120ರ ಸಮೀಪ, ಬಲದಲ್ಲಿ 25ರ ಸಮೀಪವಿರುವುದರಿಂದ ರಂಧ್ರವೊಂದಾದೊಡನೆ ರಕ್ತವು ದೇಹಕ್ಕೆ ಹೋಗುವುದಕ್ಕೆ ಬದಲು ಸುಲಭದ ಹಾದಿಯನ್ನು ಹಿಡಿದು ಬಲಕ್ಕೆ ಸರಿದು, ಶ್ವಾಸಕೋಶವನ್ನು ಹೊಕ್ಕು, ಮತ್ತೆ ಎಡಕ್ಕೆ ಬಂದು, ಮತ್ತೆ ಬಲಕ್ಕೆ ಹರಿದು ವ್ಯರ್ಥವಾಗಿ ಸುತ್ತತೊಡಗುತ್ತದೆ. ಎರಡು ದಿವಸ ಚೇತರಿಸಿಕೊಂಡಂತೆ ಕಂಡು ಗಂಜಿ ಕುಡಿದು ಮಾತನಾಡುತ್ತಿದ್ದ ರೋಗಿಯು ಮೂರನೆಯ ದಿವಸ ಹಠಾತ್ತನೆ ಏದುಸಿರು ಬಿಡುತ್ತಾನೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ಇಳಿಮುಖವಾಗುತ್ತದೆ. ಎದೆಗೂಡಿನ ಎಡಕೆಳಗಂಚಿಗೆ ಸ್ಟೆತಾಸ್ಕೋಪನ್ನು ಇಟ್ಟ ವೈದ್ಯನಿಗೆ ನಿನ್ನೆಯಿಲ್ಲದ ಒರಟು ಮರ್ಮರವೊಂದು ಕೇಳಿಸುತ್ತದೆ, ಅಂಗೈಯಿಟ್ಟರೆ ಕಂಪನವೂ ತಿಳಿಯುತ್ತದೆ. ಎಕೋ ಪರೀಕ್ಷೆಯ ಪರದೆಯ ಮೇಲೆ ರಂಧ್ರವೂ ಅದರ ಮೂಲಕ ಹಾಯುವ ರಕ್ತದ ಪ್ರವಾಹವೂ ಕಾಣುತ್ತವೆ. ಹೆಪ್ಪು ಕರಗಿಸುವ ಔಷಧಗಳೂ ಆಂಜಿಯೋಪ್ಲಾಸ್ಟಿಯೂ ಬರುವುದಕ್ಕೆ ಮೊದಲು ನೂರು ಹೃದಯಾಘಾತಗಳಲ್ಲಿ ಒಂದೆರಡರಲ್ಲಿ ಹೀಗಾಗುತ್ತಿತ್ತು. 1990ರ ದಶಕದಲ್ಲಿ ನಲವತ್ತೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ 'ಗಸ್ಟೊ' ಪ್ರಯೋಗದಲ್ಲಿ, ಎಲ್ಲರಿಗೂ ಬೇಗ ಔಷಧ ಸಿಕ್ಕಿದ್ದರಿಂದ, ಅದು ಸಾವಿರಕ್ಕೆ ಎರಡಕ್ಕೆ ಇಳಿದಿತ್ತು. ಆಘಾತದ ಮೊದಲ ಗಂಟೆಗಳ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿಯನ್ನು ನಾನು ಕಂಡಿಲ್ಲ. ಆದರೆ ಒಡಕು ಬಂದವರ ಪಾಡು ಹಾಗೆಯೇ ಉಳಿಯಿತು: ಆ ಪ್ರಯೋಗದಲ್ಲಿಯೇ ಶಸ್ತ್ರಕ್ರಿಯೆಯಿಲ್ಲದೆ ಬರಿಯ ಔಷಧದ ಮೇಲೆ ಉಳಿದವರಲ್ಲಿ ಶೇಕಡ 94 ಮಂದಿ ಒಂದು ತಿಂಗಳೊಳಗೆ ತೀರಿಕೊಂಡರು, ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಶೇಕಡ 47.

ಹಾಗಾದರೆ ತತ್‌ಕ್ಷಣವೇ ಎದೆಯನ್ನು ತೆರೆದು ರಂಧ್ರವನ್ನು ಮುಚ್ಚಬಾರದೇಕೆ ಎಂದು ಯಾರಾದರೂ ಕೇಳುವರು, ಕೇಳಬೇಕಾದದ್ದೇ. ಕೋಲಾರದ ಸೀಮೆಯವರಿಗೆ ಇದರ ಉತ್ತರವನ್ನು ಕೆರೆಯ ಭಾಷೆಯಲ್ಲಿ ಹೇಳಬಹುದು. ಮಳೆಗಾಲದಲ್ಲಿ ಏರಿ ಒಡೆದಾಗ, ನೀರು ನುಗ್ಗುತ್ತಿರುವ ಕಂಡಿಗೆ ಹಸಿಮಣ್ಣನ್ನು ಎಷ್ಟು ಸುರಿದರೂ ನಿಲ್ಲದು. ಕಂಡಿಯ ಅಂಚೇ ಕುಸಿಯುತ್ತಿರುವಾಗ ಹೊಸ ಮಣ್ಣಿಗೆ ಹಿಡಿಯಲು ಗಟ್ಟಿ ನೆಲವಿಲ್ಲ. ತೂಬನ್ನು ತೆರೆದು ನೀರಿನ ಮಟ್ಟವನ್ನು ಇಳಿಸಿ, ಏರಿಯ ಮೇಲಿನ ಒತ್ತಡವನ್ನು ತಗ್ಗಿಸಿ, ಅಂಚು ಆರಿ ಬಿಗಿಯಾದ ಬಳಿಕವೇ ಕಲ್ಲುಕಟ್ಟಡದ ಕೆಲಸ. ಹೃದಯದ ಅಡ್ಡಗೋಡೆಯಲ್ಲಿಯೂ ಮೊದಲ ದಿವಸಗಳ ಸ್ನಾಯು ಹೊಲಿಗೆಯ ದಾರವನ್ನು ಹಿಡಿಯದೆ ಸೀಳಿಹೋಗುತ್ತದೆ. ವಾರ ಎರಡು ವಾರ ಕಳೆದು ರಂಧ್ರದ ಅಂಚಿನಲ್ಲಿ ನಾರು ಬಲಿತರೆ ತೇಪೆಯು ಭದ್ರವಾಗಿ ಕೂರುತ್ತದೆ. ಈ ಬಗೆಯ ರಂಧ್ರವನ್ನು ಯಶಸ್ವಿಯಾಗಿ ಮುಚ್ಚಿದ ಮೊದಲ ಶಸ್ತ್ರಕ್ರಿಯೆಯನ್ನು ಡೆಂಟನ್ ಕೂಲಿಯು 1950ರ ದಶಕದ ಉತ್ತರಾರ್ಧದಲ್ಲಿ ಹ್ಯೂಸ್ಟನ್ನಿನಲ್ಲಿ ನಡೆಸಿದಾಗಲೂ ಒಡಕು ಉಂಟಾಗಿ ಹಲವು ವಾರಗಳು ಕಳೆದಿದ್ದವು. ಅಮೆರಿಕದ ಎದೆಶಸ್ತ್ರವೈದ್ಯರ ಸಂಘದ ದಾಖಲೆಗಳಲ್ಲಿ 1999ರಿಂದ 2010ರವರೆಗಿನ 2,876 ರೋಗಿಗಳನ್ನು ಪರಿಶೀಲಿಸಿದಾಗ, ಆಘಾತವಾಗಿ ಏಳು ದಿವಸಗಳೊಳಗೆ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಶೇಕಡ 54ರಷ್ಟು ಮಂದಿಯೂ ಏಳು ದಿವಸಗಳ ಬಳಿಕ ಒಳಗಾದವರಲ್ಲಿ ಶೇಕಡ 18ರಷ್ಟು ಮಂದಿಯೂ ಸತ್ತಿದ್ದರು. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಏಳು ದಿವಸ ಕಾದು ಬದುಕಿದ್ದವರು ಮೊದಲೇ ಗಟ್ಟಿಗರು. ಕಾಯುತ್ತಿರುವಾಗಲೇ ಸತ್ತವರು ಈ ಲೆಕ್ಕದೊಳಗೆ ಬರಲೇ ಇಲ್ಲ. ಕಾದರೆ ಸ್ನಾಯು ಬಲಿಯುವುದು ನಿಜ, ಕಾಯುವಷ್ಟರಲ್ಲಿ ಪ್ರಾಣ ಹೋಗುವುದೂ ನಿಜ. ಈ ಇಕ್ಕಟ್ಟಿನ ನಡುವೆಯೇ ಯಂತ್ರವು ಬಂದು ನಿಲ್ಲುತ್ತದೆ.

ಆ ಯಂತ್ರಗಳಲ್ಲಿ ಹಿರಿಯದು, ನಮ್ಮ ಆಸ್ಪತ್ರೆಗಳಲ್ಲಿ 'ಬಲೂನ್ ಪಂಪು' ಎಂದೇ ಕರೆಯಲ್ಪಡುವ ಐಎಬಿಪಿ. ಹೃದಯವು ಸಂಕೋಚಗೊಂಡಾಗ ದೇಹಕ್ಕೆ ರಕ್ತ ಹೋಗುತ್ತದೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಎಡ ಹೃತ್ಕುಕ್ಷಿಯ ಸ್ವಂತ ಸ್ನಾಯುವಿಗೆ ರಕ್ತ ದೊರೆಯುವುದು ಬಹುಮಟ್ಟಿಗೆ ಅದು ಸಡಿಲಗೊಂಡು ವಿಶ್ರಮಿಸುವ ಕ್ಷಣದಲ್ಲಿ. ಆ ವಿಶ್ರಾಂತಿಯ ಕ್ಷಣದಲ್ಲಿ ಒತ್ತಡವನ್ನು ಏರಿಸಿದರೆ ಹೃದಯಕ್ಕೆ ಹೆಚ್ಚು ರಕ್ತ ಸಿಕ್ಕೀತೆಂಬ ಊಹೆಯನ್ನು ನ್ಯೂಯಾರ್ಕಿನ ಶಸ್ತ್ರವೈದ್ಯ ಏಡ್ರಿಯನ್ ಕ್ಯಾಂಟ್ರೊವಿಟ್ಸ್ 1950ರ ದಶಕದಲ್ಲಿಯೇ, ಭೌತವಿಜ್ಞಾನಿಯಾಗಿದ್ದ ತಮ್ಮ ಅಣ್ಣ ಆರ್ಥರನ ನೆರವಿನಿಂದ ಪರೀಕ್ಷಿಸಿದ್ದರು. ಮಹಾಧಮನಿಯೊಳಗೆ ಬಲೂನನ್ನಿಟ್ಟು ಇದನ್ನು ಸಾಧಿಸುವ ಮಾರ್ಗವನ್ನು ಮೌಲೊಪೌಲೊಸ್ ಮತ್ತು ಅವರ ಸಂಗಡಿಗರು 1962ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದರು. 1967ರಲ್ಲಿ ಕ್ಯಾಂಟ್ರೊವಿಟ್ಸ್ ತಂಡವು ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ, ಹೃದಯಾಘಾತದಿಂದ ರಕ್ತದೊತ್ತಡ ಕುಸಿದು ಅರೆಪ್ರಜ್ಞೆಯಲ್ಲಿದ್ದ 45 ವರ್ಷದ ಹೆಣ್ಣುಮಗಳೊಬ್ಬಳಿಗೆ ಅದನ್ನು ಅಳವಡಿಸಿ ಸುಮಾರು ಏಳು ಗಂಟೆಗಳ ಕಾಲ ನಡೆಸಿತು, ಆಕೆ ಬದುಕಿಕೊಂಡಳು. ಅಡ್ಡಗೋಡೆ ಒಡೆದವರಿಗೂ ಕವಾಟ ಸಡಿಲಬಿದ್ದವರಿಗೂ ಶಸ್ತ್ರಕ್ರಿಯೆಗೆ ಮುನ್ನ ಈ ಬಲೂನನ್ನು ಆಸರೆಯಾಗಿ ಕೊಟ್ಟ ಅನುಭವವನ್ನು ಬಾಸ್ಟನ್ನಿನ ವೈದ್ಯರು 1973ರಷ್ಟು ಹಿಂದೆಯೇ ಪ್ರಕಟಿಸಿದ್ದಾರೆ.

ಇದರ ರಚನೆ ಸರಳ, ಕೆಲಸ ಸೂಕ್ಷ್ಮ. ತೊಡೆಸಂದಿಯ ಧಮನಿಯ ಮೂಲಕ ಸಪೂರವಾದ ನಳಿಗೆಯೊಂದನ್ನು ಮೇಲೇರಿಸಿ, ಎಡತೋಳಿಗೆ ಹೋಗುವ ಧಮನಿಯ ಕವಲಿನ ತುಸು ಕೆಳಗೆ ಅದರ ತುದಿ ನಿಲ್ಲುವಂತೆ ಮಾಡುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 40 ಮಿಲಿಲೀಟರು ಹಿಡಿಯುವ ಉದ್ದನೆಯ ಬಲೂನು. ಅದರೊಳಗೆ ಹೀಲಿಯಂ ಅನಿಲ, ಏಕೆಂದರೆ ಬಲು ಹಗುರವಾದ ಆ ಅನಿಲವು ಕಿರಿದಾದ ನಳಿಗೆಯಲ್ಲಿ ಕ್ಷಣಾರ್ಧದಲ್ಲಿ ಹೋಗಿ ಬರಬಲ್ಲದು. ಮಂಚದ ಪಕ್ಕದ ಪೆಟ್ಟಿಗೆಯು ಇಸಿಜಿಯ ರೇಖೆಯನ್ನು ಓದುತ್ತ, ಹೃದಯವು ವಿಶ್ರಮಿಸತೊಡಗಿದೊಡನೆ ಬಲೂನನ್ನು ಉಬ್ಬಿಸುತ್ತದೆ, ಮುಂದಿನ ಸಂಕೋಚಕ್ಕೆ ಸ್ವಲ್ಪವೇ ಮುನ್ನ ಕುಗ್ಗಿಸುತ್ತದೆ. ಉಬ್ಬಿದಾಗ ಕಿರೀಟಧಮನಿಗಳಿಗೆ ರಕ್ತ ಹೆಚ್ಚು. ಕುಗ್ಗಿದಾಗ ಮಹಾಧಮನಿಯಲ್ಲಿ ಒತ್ತಡ ಇಳಿಯುವುದರಿಂದ ಹೃದಯಕ್ಕೆ ದೂಡುವ ಶ್ರಮ ಕಡಿಮೆ. ಅಡ್ಡಗೋಡೆ ಒಡೆದವರಲ್ಲಿ ಈ ಎರಡನೆಯ ಫಲವೇ ದೊಡ್ಡದು: ದೇಹದ ಕಡೆಯ ಹಾದಿ ಹಗುರವಾದಷ್ಟೂ ರಂಧ್ರದ ಕಡೆಗೆ ಸರಿಯುವ ರಕ್ತ ಕಡಿಮೆಯಾಗುತ್ತದೆ.

ಬಲೂನಿನಿಂದ ಸಿಗುವುದು ಸಾಧಾರಣ ನೆರವು. ಹೃದಯವೇ ದುಡಿಯಬೇಕು, ಅದು ಹೆಗಲು ಕೊಡುತ್ತದೆ ಅಷ್ಟೆ. ಅದಕ್ಕಿಂತ ಬಲವಾದದ್ದು ಇಂಪೆಲ್ಲಾ. ಇದರ ವಂಶದ ಮೂಲಪುರುಷ ರಿಚರ್ಡ್ ವಾಂಪ್ಲರ್ ಎಂಬ ಅಮೆರಿಕದ ವೈದ್ಯ. 1970ರ ದಶಕದಲ್ಲಿ ಈಜಿಪ್ಟಿನ ಹಳ್ಳಿಯೊಂದಕ್ಕೆ ವೈದ್ಯಸೇವೆಗೆಂದು ಹೋದಾಗ ಅಲ್ಲಿನವರು ತಿರುಪಿನಾಕಾರದ ಆರ್ಕಿಮಿಡೀಸ್ ಯಂತ್ರದಿಂದ ನೀರೆತ್ತುವುದನ್ನು ನೋಡಿ, ರಕ್ತವನ್ನೂ ಹೀಗೆಯೇ ಎತ್ತಬಾರದೇಕೆಂದು ಚಿಂತಿಸಿದರು. ಅವರ ಹೀಮೊಪಂಪು 1988ರ ವೇಳೆಗೆ ರೋಗಿಗಳಲ್ಲಿ ಬಳಕೆಗೆ ಬಂತು; ಜರ್ಮನಿಯ ಆಹೆನ್ನಿನಲ್ಲಿ ಆ ತತ್ತ್ವವೇ ಇನ್ನಷ್ಟು ಕಿರಿದಾಗಿ ಇಂಪೆಲ್ಲಾ ಆಯಿತು. ಬಾವಿಗಳಿಂದ ಕಪಿಲೆ ಹೊಡೆದು ನೀರೆತ್ತಿದ ಹಿರಿಯರಿನ್ನೂ ಬದುಕಿರುವ ಕೋಲಾರ ಜಿಲ್ಲೆಯಲ್ಲಿ, ರೈತನ ನೀರಾವರಿಯಿಂದ ಹುಟ್ಟಿದ ಈ ಉಪಕರಣದ ಕತೆಯನ್ನು ಹೇಳುವುದು ನನಗೆ ಸಂತೋಷದ ಸಂಗತಿ. ಎಡ ಹೃತ್ಕುಕ್ಷಿಯೊಳಗೆ ಕುಳಿತು ರಕ್ತವನ್ನು ನೇರವಾಗಿ ಮಹಾಧಮನಿಗೆ ಸಾಗಿಸುವ ಈ ಪುಟ್ಟ ಚಕ್ರವು ನಿಮಿಷಕ್ಕೆ ಮೂರು ಲೀಟರಿಗೂ ಮಿಗಿಲಾಗಿ ಹೊರಹಾಕಬಲ್ಲದು. ಆರೋಗ್ಯವಂತ ಹೃದಯದ ವಿಶ್ರಾಂತಿಯ ದುಡಿಮೆ ಐದು ಲೀಟರಿನ ಸುಮಾರು. ಆದರೆ ರಂಧ್ರವಿರುವಾಗ ಅದು ಅತಿಯಾಗಿ ಹೀರಿದರೆ ಬಲಗಡೆಯ ಮಲಿನರಕ್ತವು ಎಡಕ್ಕೆ ಸೆಳೆಯಲ್ಪಟ್ಟು ದೇಹಕ್ಕೆ ಆಮ್ಲಜನಕದ ಕೊರತೆಯಾದೀತು. ಮೂರನೆಯದಾದ ಎಕ್ಮೊ, ಅಭಿಧಮನಿಯಿಂದ ರಕ್ತವನ್ನು ಹೊರತೆಗೆದು ಆಮ್ಲಜನಕವನ್ನು ಬೆರೆಸಿ ಧಮನಿಗೆ ಹಿಂದಿರುಗಿಸಿ, ಹೃದಯ ಶ್ವಾಸಕೋಶಗಳೆರಡರ ಕೆಲಸವನ್ನೂ ಹೊರುತ್ತದೆ. ಆದರೆ ಅದು ಮಹಾಧಮನಿಯಲ್ಲಿ ಒತ್ತಡವನ್ನು ಏರಿಸುವುದರಿಂದ ರಂಧ್ರದ ಸೋರಿಕೆ ಹೆಚ್ಚುವ ಭಯವಿದೆ, ಆದಕಾರಣ ಎಷ್ಟೋ ವೇಳೆ ಬಲೂನನ್ನೋ ಇಂಪೆಲ್ಲಾವನ್ನೋ ಜೊತೆಗೂಡಿಸುತ್ತಾರೆ. ಮೂರಕ್ಕೂ ಸಮಾನವಾದ ಕಷ್ಟಗಳುಂಟು: ನಳಿಗೆಯಿಟ್ಟ ಕಾಲಿಗೆ ರಕ್ತ ಸಾಲದಿರುವುದು, ರಕ್ತಸ್ರಾವ, ಸೋಂಕು, ಕೆಲವೊಮ್ಮೆ ಪಾರ್ಶ್ವವಾಯು.

ಇವುಗಳ ಉಪಯೋಗವನ್ನು ಕುರಿತು ಉತ್ಪ್ರೇಕ್ಷೆ ಸಲ್ಲದು. ಹೃದಯಾಘಾತದಿಂದ ರಕ್ತದೊತ್ತಡ ಕುಸಿದ ರೋಗಿಗಳಿಗೆಲ್ಲ ಬಲೂನನ್ನು ಹಾಕಿದರೆ ಪ್ರಯೋಜನವಿದೆಯೇ ಎಂದು ಜರ್ಮನಿಯಲ್ಲಿ 600 ಮಂದಿಯ ಮೇಲೆ ನಡೆದ ಪ್ರಯೋಗದ ಫಲ 2012ರಲ್ಲಿ ಹೊರಬಂದಾಗ, ಹಾಕಿದವರಲ್ಲಿಯೂ ಹಾಕದವರಲ್ಲಿಯೂ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ, ಶೇಕಡ 40ರ ಆಸುಪಾಸು, ಆಗಿತ್ತು. 2024ರಲ್ಲಿ ಪ್ರಕಟವಾದ ಡೇನಿಷ್ ಮತ್ತು ಜರ್ಮನ್ ವೈದ್ಯರ ಪ್ರಯೋಗವು ಇಂಪೆಲ್ಲಾದಿಂದ ಆರು ತಿಂಗಳ ಸಾವು ಶೇಕಡ 58.5ರಿಂದ 45.8ಕ್ಕೆ ಇಳಿದುದನ್ನು ತೋರಿಸಿತು. ಆದರೆ ಭಿತ್ತಿ ಬಿರಿದವರು ಆ ಪ್ರಯೋಗದೊಳಗೆ ಇರಲಿಲ್ಲ. ಬಿರಿದವರನ್ನು ಚೀಟಿಯೆತ್ತಿ ಎರಡು ಗುಂಪು ಮಾಡಿ ಪರೀಕ್ಷಿಸುವುದು ಸುಲಭಸಾಧ್ಯವಲ್ಲ. ಅವರು ವಿರಳ, ಅವರ ಸ್ಥಿತಿ ಗಂಟೆಗೊಂದು ಬಗೆ. ಆದುದರಿಂದ ಇಲ್ಲಿನ ತಿಳಿವಳಿಕೆ ಬಹುಮಟ್ಟಿಗೆ ಆಸ್ಪತ್ರೆಗಳ ದಾಖಲೆಗಳಿಂದಲೂ ವೈದ್ಯರ ಅನುಭವದಿಂದಲೂ ಬಂದದ್ದು. ಸಾರಾಸಗಟಾಗಿ ಬಲೂನನ್ನು ಹಾಕಬೇಡಿರೆಂದು ಹೇಳಿದ ಯುರೋಪಿನ ಮಾರ್ಗಸೂಚಿಯೇ ಬಿರಿತದ ರೋಗಿಗಳಿಗೆ ಅದನ್ನು ಪರಿಗಣಿಸಬಹುದೆಂದು ಒಪ್ಪಿದೆ. ನನ್ನ ಬುದ್ಧಿಗೆ ಇದು ವಿವೇಕದ ನಿಲುವೆಂದೇ ತೋರುತ್ತದೆ. ಎಲ್ಲ ಬಿರಿತಕ್ಕೂ ಕಾಯುವಿಕೆ ಸಲ್ಲುವುದೂ ಇಲ್ಲ. ಕವಾಟದ ಸ್ನಾಯು ಹರಿದವನಿಗೆ ಯಂತ್ರವು ಶಸ್ತ್ರಕ್ರಿಯೆಯ ಮೇಜನ್ನು ಮುಟ್ಟುವ ಕೆಲವು ಗಂಟೆಗಳ ಸೇತುವೆ ಮಾತ್ರ. ಹೊರಗೋಡೆ ಬಿರಿದವನಿಗೆ ಅಷ್ಟೂ ಇಲ್ಲ.

ಟೇಕಲ್ಲಿನ ರೋಗಿಗೆ ಇವೆಲ್ಲ ಎಟುಕುವುದೆಂತು? ಹತ್ತಿರದಲ್ಲಿ ಮಾಲೂರಿನ ತಾಲ್ಲೂಕು ಆಸ್ಪತ್ರೆ. ಒಂದು ದಿಕ್ಕಿಗೆ ಕೋಲಾರದ ಜಿಲ್ಲಾ ಆಸ್ಪತ್ರೆ, ಅದರಾಚೆ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಇನ್ನೊಂದು ದಿಕ್ಕಿಗೆ ಬೆಂಗಳೂರು, ಅಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ, ಬೊಮ್ಮಸಂದ್ರದಲ್ಲಿ ದೇವಿ ಶೆಟ್ಟರು ಕಟ್ಟಿದ ನಾರಾಯಣ ಹೃದಯಾಲಯ. 2008ರಿಂದ 108ರ ಆಂಬುಲೆನ್ಸ್ ಇದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯಸರ್ಕಾರವು ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ಜಿಲ್ಲಾ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ಕೇಂದ್ರದ ತಜ್ಞರು ದೂರದಿಂದಲೇ ಓದಿ, ಆಘಾತ ನಿಜವೆಂದು ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ಏರ್ಪಾಡಿದೆ. ಭಿತ್ತಿ ಬಿರಿಯದಂತೆ ತಡೆಯಬಲ್ಲ ನಿಜವಾದ ಸಾಧನ ಇದು. ಇಂಪೆಲ್ಲಾದ ಬೆಲೆ ಲಕ್ಷಗಟ್ಟಲೆ, ಈ ಚುಚ್ಚುಮದ್ದಿನದು ಸಾವಿರಗಳಲ್ಲಿ. ಶಸ್ತ್ರಕ್ರಿಯೆಯ ವೆಚ್ಚಕ್ಕೆ ಬಡವರ ಕೈಹಿಡಿದ ಪರಂಪರೆಯೂ ಈ ನಾಡಿನಲ್ಲಿದೆ: ಸಹಕಾರ ಸಂಘಗಳ ರೈತರು ತಿಂಗಳಿಗೆ ಐದು ರೂಪಾಯಿಯ ವಂತಿಗೆಯಿಂದ ಶಸ್ತ್ರಕ್ರಿಯೆಯ ಹಕ್ಕನ್ನು ಪಡೆದ ಯಶಸ್ವಿನಿ ಯೋಜನೆ 2003ರಲ್ಲಿ ಕಾರ್ಯಾರಂಭ ಮಾಡಿತು, ಇಂದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡಿದೆ. ಆದರೆ ದಿವಸಗಟ್ಟಲೆ ನಡೆಯುವ ಯಂತ್ರದ ಆಸರೆಯ ಪೂರ್ತಿ ಖರ್ಚನ್ನು ಕಾರ್ಡು ಭರಿಸುವುದೇ ಎಂಬುದನ್ನು ಮೊದಲ ದಿವಸವೇ ಆಸ್ಪತ್ರೆಯ ಆರೋಗ್ಯಮಿತ್ರರಿಂದ ಕೇಳಿ ತಿಳಿಯುವುದು ಒಳ್ಳೆಯದು. ಹತ್ತನೆಯ ದಿವಸ ತಿಳಿದರೆ ಹೊಲ ಮಾರುವ ಮಾತು ಬರುತ್ತದೆ.

ಆ ಹತ್ತು ದಿವಸಗಳ ಕಷ್ಟವನ್ನು ಹೊರಗೆ ಕುಳಿತವರೇ ಹೆಚ್ಚು ಅನುಭವಿಸುತ್ತಾರೆ. "ಒಡೆದಿದೆ ಅಂತೀರಿ, ಆಪರೇಷನ್ ಯಾಕೆ ಮಾಡ್ತಿಲ್ಲ ಸಾರ್?" ಎಂಬ ಪ್ರಶ್ನೆಯನ್ನು ಐಸಿಯುವಿನ ಬಾಗಿಲಲ್ಲಿ ಕೇಳುವ ಮಗನೋ ಅಳಿಯನೋ ವೈದ್ಯರನ್ನು ಅನುಮಾನಿಸುತ್ತಿರುವುದಿಲ್ಲ, ಏನನ್ನೂ ಮಾಡದೆ ಕಾಯುತ್ತಿದ್ದಾರೆಂಬ ಭೀತಿಯಿಂದ ಕೇಳುತ್ತಾನೆ. ಒಳಗೆ ನಡೆಯುತ್ತಿರುವುದು ಅದಲ್ಲ. ಗಂಟೆಗೊಮ್ಮೆ ಮೂತ್ರದ ಅಳತೆ. ಅಂಗಗಳಿಗೆ ರಕ್ತ ಸಾಲದಾಗ ಹೆಚ್ಚುವ ಲ್ಯಾಕ್ಟೇಟು ರಕ್ತದಲ್ಲಿ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬ ಪರೀಕ್ಷೆ. ಮೂತ್ರಪಿಂಡದ ಸ್ಥಿತಿಯನ್ನು ಹೇಳುವ ಕ್ರಿಯಾಟಿನಿನ್, ಬಲೂನು ತಗ್ಗಿಸಬಹುದಾದ ಪ್ಲೇಟ್‌ಲೆಟ್ಟುಗಳ ಎಣಿಕೆ. ನಳಿಗೆಯಿರುವ ಕಾಲಿನ ನಾಡಿಯನ್ನು ದಾದಿಯು ಬೆರಳಿಟ್ಟು ನೋಡಿ ಗುರುತು ಹಾಕಿಕೊಳ್ಳುವುದು. ಕಾಲನ್ನು ಮಡಿಸಬಾರದು, ಎದ್ದು ಕೂರಬಾರದು. ಇವುಗಳಲ್ಲಿ ಒಂದೊಂದೂ ಸುಧಾರಿಸುತ್ತಿದ್ದರೆ ಕಾಯುವುದು ಲಾಭ. ಯಂತ್ರವಿದ್ದೂ ಮೂತ್ರ ನಿಂತು ಲ್ಯಾಕ್ಟೇಟು ಏರುತ್ತಿದ್ದರೆ ಸ್ನಾಯು ಹಸಿಯಾಗಿರುವಾಗಲೇ ಶಸ್ತ್ರಕ್ಕೆ ಕೈಹಾಕಬೇಕಾಗುತ್ತದೆ, ಅಥವಾ ತೊಡೆಯ ರಕ್ತನಾಳದ ಮೂಲಕ ಮುಚ್ಚಳವನ್ನು ಕಳುಹಿಸಿ ರಂಧ್ರವನ್ನು ತಾತ್ಕಾಲಿಕವಾಗಿಯಾದರೂ ಕಿರಿದು ಮಾಡಬೇಕಾಗುತ್ತದೆ. ವೈದ್ಯರು ಪ್ರತಿದಿನ ಮುಂಜಾನೆ ಐದು ನಿಮಿಷ ಹೊರಗೆ ಬಂದು, ನಿನ್ನೆಯ ಅಳತೆ ಇಷ್ಟು, ಇಂದಿನದು ಇಷ್ಟು, ಆದ್ದರಿಂದ ಇಂದೂ ಕಾಯುತ್ತೇವೆ ಎಂದು ಮನೆಯವರ ಮಾತಿನಲ್ಲಿಯೇ ಹೇಳಿದರೆ, ಹಳ್ಳಿಯ ಮನುಷ್ಯನು ಅದನ್ನು ಪೂರ್ತಿಯಾಗಿ ಗ್ರಹಿಸುತ್ತಾನೆ. ಹಾಗೆ ಹೇಳುವುದು ಚಿಕಿತ್ಸೆಯ ಅಂಗವೆಂದೇ ನಾನು ನಂಬಿದ್ದೇನೆ.

ಶಸ್ತ್ರಕ್ರಿಯೆಯ ದಿವಸ ಹೃದಯ–ಶ್ವಾಸಕೋಶ ಯಂತ್ರಕ್ಕೆ ರೋಗಿಯನ್ನು ಜೋಡಿಸಿ, ಸತ್ತ ಭಾಗದ ಮೂಲಕವೇ ಹೃತ್ಕುಕ್ಷಿಯನ್ನು ತೆರೆದು, ದನದ ಹೃದಯದ ಹೊರಪೊರೆಯಿಂದ ತಯಾರಿಸಿದ ತೇಪೆಯನ್ನು ರಂಧ್ರದ ಅಂಚಿಗಲ್ಲದೆ ಅದರಿಂದ ದೂರದ ಜೀವಂತ ಸ್ನಾಯುವಿಗೆ ಹೊಲಿಯುವುದು, ಟೊರಾಂಟೋದ ಟೈರೋನ್ ಡೇವಿಡ್ ರೂಢಿಗೆ ತಂದ ಕ್ರಮ. ಅದಾದ ಮೇಲೂ ಬಲೂನು ಕೆಲವು ದಿವಸ ಇರುತ್ತದೆ: ಮೊದಲು ಪ್ರತಿ ಬಡಿತಕ್ಕೂ ಒಮ್ಮೆ, ಅನಂತರ ಎರಡಕ್ಕೊಮ್ಮೆ, ಮೂರಕ್ಕೊಮ್ಮೆ ಉಬ್ಬುವಂತೆ ತಗ್ಗಿಸುತ್ತ, ಒತ್ತಡ ಕುಸಿಯದಿದ್ದರೆ ತೆಗೆಯುತ್ತಾರೆ. ಕೆಲವರಲ್ಲಿ ತೇಪೆಯ ಪಕ್ಕದಲ್ಲಿ ಸಣ್ಣ ಸೋರಿಕೆ ಉಳಿಯುವುದರಿಂದ ಮನೆಗೆ ಹೊರಡುವ ಮುನ್ನ ಒಮ್ಮೆ, ಅನಂತರ ವೈದ್ಯರು ಹೇಳಿದ ಅವಧಿಗಳಲ್ಲಿ ಎಕೋ ಪರೀಕ್ಷೆ ಆಗಲೇಬೇಕು. ಇದಕ್ಕೆ ಪ್ರತಿಸಲ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಕೋಲಾರದಲ್ಲಿ ಮಾಡಿಸಿದ ಪರೀಕ್ಷೆಯ ಫಲವನ್ನು ಶಸ್ತ್ರವೈದ್ಯರಿಗೆ ತಲುಪಿಸಿದರೆ ಸಾಕಾದೀತು. ಎದೆಮೂಳೆ ಕೂಡುವವರೆಗೆ, ಅಂದರೆ ಎರಡು ಮೂರು ತಿಂಗಳು, ಭಾರ ಎತ್ತುವಂತಿಲ್ಲ. ಗಣಿಯಲ್ಲಿ ಸುತ್ತಿಗೆ ಹಿಡಿಯುವ ಕೆಲಸಕ್ಕೆ ಮರಳುವುದು ಅದಕ್ಕಿಂತಲೂ ತಡವಾಗಿ, ಹೃದಯದ ಬಲವನ್ನು ಅಳೆದು ನೋಡಿದ ಮೇಲೆಯೇ ತೀರ್ಮಾನವಾಗತಕ್ಕದ್ದು. ಅನೇಕರಿಗೆ ಹಗುರವಾದ ಬೇರೆ ಕೆಲಸವನ್ನೇ ಹುಡುಕಿಕೊಳ್ಳಬೇಕಾಗುತ್ತದೆ.